ಕಾಫಿ ತೋಟದಿಂದ ಕೊಲಂಬಿಯಾಕ್ಕೆ: ಊರುಗಳ ಪಟ್ಟಿ ಬಿಡಿ, ಎತ್ತರ ನೋಡಿ ಪ್ರವಾಸ ಹಾಕಿ

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು. ನನಗೆ 58, ಹೆಂಡತಿಗೆ 54. ಮಗಳು ಅಮೆರಿಕದಲ್ಲಿದ್ದಾಳೆ. ನಮ್ಮಿಬ್ಬರಿಗೂ ಅಮೆರಿಕದ ವೀಸಾ ಇದೆ. ಮುಂದಿನ ವರ್ಷ ಅವಳ ಮನೆಗೆ ಹೋದಾಗ ಹದಿನೇಳು ದಿನ ಕೊಲಂಬಿಯಾ ನೋಡುವ ಆಸೆ. ಹಕ್ಕಿ, ಕಾಡು, ಅಲ್ಲಿನ ಕಾಫಿ, ಜನರ ಬದುಕು ನೋಡಬೇಕು. ಏಜೆಂಟರು ಅಮೆಜಾನ್ ಕಾಡು, ಕ್ಯಾನೊ ಕ್ರಿಸ್ಟಾಲೆಸ್ ನದಿ ಎಲ್ಲಾ ಸೇರಿಸಿ ಹತ್ತು ಊರುಗಳ ಪಟ್ಟಿ ಕಳಿಸಿದ್ದಾರೆ. ಇದು ಸರಿಯೇ? ಯಾವ ತಿಂಗಳು ಒಳ್ಳೆಯದು? ಸುರಕ್ಷಿತವೇ? ಹೆಂಡತಿ ಸಸ್ಯಾಹಾರಿ.

ಉತ್ತರ: ಆ ಪಟ್ಟಿಯನ್ನು ಪಕ್ಕಕ್ಕಿಡಿ. ಹದಿನೇಳು ದಿನದಲ್ಲಿ ಹತ್ತು ಊರು ಅಂದರೆ ವಿಮಾನ ನಿಲ್ದಾಣಗಳನ್ನು ನೋಡಿ ಬಂದ ಹಾಗೆ. ಹಕ್ಕಿ ನೋಡುವವರಿಗಂತೂ ಬೆಳಗಿನ ಎರಡು ಗಂಟೆಯೇ ಮುಖ್ಯ. ಆ ಹೊತ್ತಿಗೆ ನೀವು ಪೆಟ್ಟಿಗೆ ಕಟ್ಟಿಕೊಂಡು ಟ್ಯಾಕ್ಸಿ ಕಾಯುತ್ತಿದ್ದರೆ ಅಷ್ಟು ದೂರ ಹೋಗಿ ಪ್ರಯೋಜನವಿಲ್ಲ.

ಕೊಲಂಬಿಯಾದಲ್ಲಿ ಇಷ್ಟೊಂದು ಜೀವವೈವಿಧ್ಯ ಯಾಕಿದೆ ಅನ್ನೋದು ಗೊತ್ತಾದರೆ ಪ್ರವಾಸ ಹಾಕುವುದು ಸುಲಭ. ದಕ್ಷಿಣದಿಂದ ಬರುವ ಆಂಡಿಸ್ ಪರ್ವತ ಈ ದೇಶದಲ್ಲಿ ಮೂರು ಸಾಲಾಗಿ ಒಡೆಯುತ್ತದೆ. ನಡುವೆ ಕಾವ್ಕಾ ಮತ್ತು ಮ್ಯಾಗ್ಡಲೀನಾ ನದಿಗಳ ಬಿಸಿ ಕಣಿವೆಗಳಿವೆ. ಸಮಭಾಜಕದ ಹತ್ತಿರ ಇರುವುದರಿಂದ ಬೇಸಿಗೆ, ಚಳಿಗಾಲ ಎಂಬ ದೊಡ್ಡ ವ್ಯತ್ಯಾಸ ಇಲ್ಲ. ಒಂದು ಎತ್ತರದಲ್ಲಿ ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ ಹವೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರು ಡಿಗ್ರಿ ತಣ್ಣಗಾಗುತ್ತದೆ. ಅನೇಕ ಹಕ್ಕಿ, ಕಪ್ಪೆ, ಆರ್ಕಿಡ್‌ಗಳು ತಮಗೆ ಹೊಂದುವ ಎತ್ತರದ ಪಟ್ಟಿಯಲ್ಲೇ ಉಳಿದುಬಿಟ್ಟಿವೆ. ಕಣಿವೆ ದಾಟಿ ಮುಂದಿನ ಬೆಟ್ಟಸಾಲಿಗೆ ಹೋಗಲಾಗದೆ ಅಲ್ಲಲ್ಲೇ ಬೇರೆ ಬೇರೆ ಜಾತಿಗಳಾಗಿ ಬೆಳೆದಿವೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಪಾಲಕ್ಕಾಡ್ ಕಂಡಿಯ ಆಚೆ ಈಚೆ ಬೇರೆ ಬೇರೆ ಜಾತಿಗಳಿವೆ ಅಲ್ವಾ? ಅದೇ ಕಾರಣ ಅಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿದೆ. ಆ ಒಂದೇ ದೇಶದಲ್ಲಿ 1,900ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಪ್ರಪಂಚದಲ್ಲಿ ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು: ದೂರ ಹೋಗಬೇಡಿ, ಎತ್ತರ ಬದಲಿಸಿ. ಒಂದು ಬೆಟ್ಟದ ಇಳಿಜಾರಿನಲ್ಲಿ ನಾಲ್ಕು ದಿನ ಇದ್ದು ಮೇಲೆ ಕೆಳಗೆ ಓಡಾಡಿದರೆ ಪ್ರತಿದಿನ ಹೊಸ ಕಾಡು, ಹೊಸ ಹಕ್ಕಿ ಸಿಗುತ್ತದೆ. ರಾತ್ರಿ ಮಲಗುವುದು ಅದೇ ಕೋಣೆಯಲ್ಲಿ.

ತಿಂಗಳು ಯಾವುದು? ನಿಮಗೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು, ಆಮೇಲೆ ಹೂಮಳೆಯ ಚಿಂತೆ. ಮುಂಗಾರಿಗೆ ಮೊದಲು ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಿದರೆ ಜುಲೈ, ಆಗಸ್ಟ್ ಸ್ವಲ್ಪ ಬಿಡುವು ಅಂದುಕೊಳ್ಳುತ್ತೇನೆ. ಅದೃಷ್ಟಕ್ಕೆ ಅಲ್ಲಿನ ಬೆಟ್ಟಗಳಲ್ಲಿ ಮಳೆ ಕಡಿಮೆ ಇರುವ ಎರಡು ಕಾಲಗಳಲ್ಲಿ ಇದೂ ಒಂದು. ಇನ್ನೊಂದು ಡಿಸೆಂಬರ್ ಕೊನೆಯಿಂದ ಫೆಬ್ರವರಿ. ಕೊಲಂಬಿಯಾದ ಶಾಲೆಗಳಿಗೆ ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ರಜೆ ಇರುತ್ತದೆ. ಅದು ಮುಗಿದ ಮೇಲೆ ಹೊರಡಿ. ಇನ್ನೊಂದು ವಿಷಯ. ಅಲ್ಲಿ ಅನೇಕ ಸರ್ಕಾರಿ ರಜೆಗಳನ್ನು ಸೋಮವಾರಕ್ಕೆ ಹಾಕುತ್ತಾರೆ. ಆ ಮೂರು ದಿನ ಸಣ್ಣ ಪ್ರವಾಸಿ ಊರುಗಳಲ್ಲಿ ಕಾಲಿಡಲು ಜಾಗ ಇರೋಲ್ಲ. ಕ್ಯಾಲೆಂಡರ್ ನೋಡಿಯೇ ದಿನ ಗೊತ್ತು ಮಾಡಿ.

ಮೊದಲ ಮೂರು ರಾತ್ರಿ ಬೊಗೊಟಾ. ಆ ರಾಜಧಾನಿ ಇರುವುದು 2,640 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದಕ್ಕಿಂತ ಏಳುನೂರು ಮೀಟರ್ ಮೇಲೆ ಇಡೀ ಮಹಾನಗರ ಇದೆ. ಮೊದಲ ದಿನ ತಲೆ ಭಾರ, ಏದುಸಿರು ಸಹಜ. ನೀರು ಚೆನ್ನಾಗಿ ಕುಡಿದು ಸುಮ್ನೆ ನಿಧಾನವಾಗಿ ಓಡಾಡಿ. ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಎರಡನೇ ದಿನ ಚಿನ್ನದ ಮ್ಯೂಸಿಯಂ ನೋಡಿ, ಅದಕ್ಕೆ ಸೋಮವಾರ ರಜೆ. ಸ್ಪೇನಿನವರು ಬರುವ ಮೊದಲಿನ ಮುಯಿಸ್ಕಾ ಮುಂತಾದ ಜನರ ಕೆಲಸ ಅಲ್ಲಿದೆ. ಗೇಣುದ್ದದ ಚಿಕ್ಕ ಚಿನ್ನದ ತೆಪ್ಪ, ಅದರ ಮೇಲೆ ಮುಖಂಡ ಮತ್ತು ಅವನ ಪರಿವಾರ. ಎಲ್ ಡೊರಾಡೊ ಎಂಬ ಚಿನ್ನದ ನಾಡಿನ ಕಥೆ ಹುಟ್ಟಿದ್ದು ಈ ಜನರ ಕೆರೆ ಪೂಜೆಯಿಂದ. ಭಾನುವಾರ ಅಲ್ಲಿದ್ದರೆ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ದೊಡ್ಡ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಸೈಕಲ್, ನಡಿಗೆಗೆ ಬಿಡುತ್ತಾರೆ. ಬೊಗೊಟಾದ ಜನರನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೂರನೇ ದಿನ ಮೈ ಹೊಂದಿಕೊಂಡ ಮೇಲೆ ಚಿಂಗಾಸಾ ರಾಷ್ಟ್ರೀಯ ಉದ್ಯಾನ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮರಗಳು ನಿಂತುಹೋಗಿ ಪಾರಮೊ ಎಂಬ ತೇವದ ಹುಲ್ಲುಗಾವಲು ಶುರುವಾಗುತ್ತದೆ. ಅಲ್ಲಿ ಫ್ರೈಲೆಹೋನ್ ಎಂಬ ಗಿಡ ಇದೆ. ಎಲೆಗಳ ಮೇಲೆಲ್ಲಾ ಬೆಳ್ಳಗಿನ ರೋಮ. ಅದು ಮಂಜಿನ ನೀರನ್ನು ಹಿಡಿದು ನೆಲಕ್ಕೆ ಇಳಿಸುತ್ತದೆ. ವರ್ಷಕ್ಕೆ ಬರೀ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ನಿಮ್ಮ ಎತ್ತರಕ್ಕೆ ನಿಂತ ಗಿಡ ಸಿಕ್ಕರೆ ಅದರ ವಯಸ್ಸು ಲೆಕ್ಕ ಹಾಕಿ ನೋಡಿ. ಬೊಗೊಟಾ ಕುಡಿಯುವ ನೀರಿನ ಹೆಚ್ಚಿನ ಪಾಲು ಇಲ್ಲಿಂದಲೇ ಬರುವುದು. 2024ರಲ್ಲಿ ಇಲ್ಲಿನ ಜಲಾಶಯಗಳು ತೀರಾ ಇಳಿದಾಗ ಇಡೀ ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟರು. ಶೋಲಾ ಕಾಡು ಮತ್ತು ಹೊಳೆಯ ಸಂಬಂಧ ಗೊತ್ತಿರುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ಯಾನಕ್ಕೆ ಮೊದಲೇ ಅನುಮತಿ ಬೇಕು, ಸ್ಥಳೀಯ ಗೈಡ್ ಮೂಲಕ ಮಾಡಿಸಿ.

ಬೊಗೊಟಾದಿಂದ ಪೆರೇರಾಕ್ಕೆ ವಿಮಾನದಲ್ಲೇ ಹೋಗಿ. ರಸ್ತೆಯಲ್ಲಿ ಒಂದು ಹಗಲು ಪೂರ್ತಿ ಹೋಗುತ್ತದೆ. ಪೆರೇರಾ, ಅರ್ಮೇನಿಯಾ, ಮನಿಸಾಲೆಸ್ ಸುತ್ತಲಿನ ಪ್ರದೇಶವೇ ಕಾಫಿ ನಾಡು. ಯುನೆಸ್ಕೊ 2011ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಗೆ ಏಳು ರಾತ್ರಿ ಕೊಡಿ. ಬೇರೆ ಯಾರಾದರೂ ಕೇಳಿದ್ದರೆ ನಾಲ್ಕು ಅನ್ನುತ್ತಿದ್ದೆ.

ಯಾಕೆಂದರೆ ನೀವು ನೋಡುವುದು ಬೇರೆ ಪ್ರವಾಸಿಗರಿಗೆ ಕಾಣೋಲ್ಲ. ನಮ್ಮಲ್ಲಿ ಹೂಮಳೆ ಬಿದ್ದು ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ. ಅಲ್ಲಿ ವರ್ಷದಲ್ಲಿ ಹಲವು ಸಲ ಹೂ ಬರುವುದರಿಂದ ಒಂದೇ ಗಿಡದಲ್ಲಿ ಹೂ, ಕಾಯಿ, ಹಣ್ಣು ಮೂರೂ ಇರುತ್ತವೆ. ಈ ಭಾಗದಲ್ಲಿ ದೊಡ್ಡ ಕೊಯ್ಲು ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್. ಮಿತಾಕಾ ಅನ್ನುವ ಚಿಕ್ಕ ಕೊಯ್ಲು ಏಪ್ರಿಲ್‌ನಿಂದ ಜೂನ್. ನೀವು ಹೋಗುವಾಗ ಜೋರು ಕೊಯ್ಲು ಸಿಗದು, ಆದರೆ ಅಲ್ಲಲ್ಲಿ ಹಣ್ಣು ಕುಯ್ಯುತ್ತಿರುತ್ತಾರೆ. ಎಲ್ಲಾ ಹೆಚ್ಚುಕಡಿಮೆ ಅರೇಬಿಕಾ. ಐದು ಲಕ್ಷಕ್ಕೂ ಜಾಸ್ತಿ ಕುಟುಂಬಗಳು ಕಾಫಿ ಬೆಳೆಯುತ್ತವೆ, ಬಹುಪಾಲು ಸಣ್ಣ ಹಿಡುವಳಿ. ಅನೇಕ ಮನೆಗಳಲ್ಲಿ ಕಣವೇ ಮಾಳಿಗೆಯ ಮೇಲಿರುತ್ತದೆ. ಮಳೆ ಬಂದರೆ ಛಾವಣಿಯನ್ನು ಎಳೆದು ಒಣಗಲು ಹಾಕಿದ ಪಾರ್ಚ್‌ಮೆಂಟ್ ಕಾಫಿಯನ್ನು ಮುಚ್ಚಿಬಿಡುತ್ತಾರೆ.

ನೆರಳು ಮರದ ವಿಷಯದಲ್ಲಿ ನಿಮಗೆ ಬೇಜಾರಾಗಬಹುದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಇಳುವರಿಗಾಗಿ ಅಲ್ಲಿನ ಬಹಳಷ್ಟು ತೋಟಗಳು ಮರ ಕಡಿದು ಬಯಲಾದವು. ಕಡಿದಾದ ಬೆಟ್ಟದ ಮೇಲೆ ಬಿಸಿಲಿಗೆ ಬರೀ ಕಾಫಿ ಸಾಲು. ಹಾಗಾಗಿ ನೆರಳು ಉಳಿಸಿಕೊಂಡ ತೋಟವನ್ನೇ ಕೇಳಿ ಹುಡುಕಿ, ಅಲ್ಲೇ ಉಳಿದುಕೊಳ್ಳಿ. ಹಕ್ಕಿಯೂ ಅಲ್ಲೇ ಜಾಸ್ತಿ. ಎಲೆ ತುಕ್ಕು ರೋಗ ನಮ್ಮಲ್ಲಿ ಹತ್ತೊಂಬತ್ತನೇ ಶತಮಾನದಿಂದ ಕಾಡುತ್ತಿದೆ. ಕೊಲಂಬಿಯಾಕ್ಕೆ ಅದು ಬಂದದ್ದು 1983ರಲ್ಲಿ. ಅವರ ಸಂಶೋಧನಾ ಕೇಂದ್ರ ಸೆನಿಕಾಫೆ ಅದಕ್ಕೆ ಮೊದಲೇ ತಯಾರಿ ನಡೆಸಿತ್ತು. 2005ರಲ್ಲಿ ಬಂದ ಅವರ ಕಾಸ್ಟಿಯೊ ತಳಿಗೂ ನಮ್ಮ ಚಂದ್ರಗಿರಿ ತಳಿಗೂ ಒಂದು ಕಡೆಯ ಮೂಲ ಒಂದೇ, ತುಕ್ಕು ರೋಗ ತಡೆಯುವ ಟಿಮೋರ್ ಹೈಬ್ರಿಡ್ ಎಂಬ ಕಾಫಿ. ಈ ಮಾತು ಎತ್ತಿ ನೋಡಿ. ಭಾಷೆ ಬಾರದಿದ್ದರೂ ಫೋನಿನ ಅನುವಾದ ಹಿಡಿದು ಬೆಳೆಗಾರರು ನಿಮ್ಮ ಜೊತೆ ಸಂಜೆವರೆಗೆ ಕೂರುತ್ತಾರೆ.

ಏಳು ರಾತ್ರಿಯಲ್ಲಿ ಮೂರು ಸಲೆಂಟೊದಲ್ಲಿ. ಅಲ್ಲಿಂದ ಹಳೇ ವಿಲ್ಲೀಸ್ ಜೀಪಿನಲ್ಲಿ ಕೊಕೊರಾ ಕಣಿವೆಗೆ ಹೋಗುತ್ತಾರೆ. ಅಲ್ಲಿರುವ ಮೇಣದ ತಾಳೆ 1985ರಿಂದ ಕೊಲಂಬಿಯಾದ ರಾಷ್ಟ್ರೀಯ ಮರ. ಅರವತ್ತು ಮೀಟರ್‌ವರೆಗೂ ಬೆಳೆಯುತ್ತದೆ. ತಾಳೆ ಜಾತಿಯಲ್ಲೇ ಇದಕ್ಕಿಂತ ಎತ್ತರದ್ದು ಇಲ್ಲ. ಹಸಿರು ಹುಲ್ಲಿನ ಮಧ್ಯೆ ಒಂಟೊಂಟಿಯಾಗಿ ನಿಂತ ಆ ಮರಗಳ ಫೋಟೊ ನೀವು ನೋಡಿರುತ್ತೀರಿ. ಚಿತ್ರ ಚೆಂದ ಇದೆ, ಸಂಗತಿ ಚೆಂದ ಇಲ್ಲ. ಕಾಡು ಕಡಿದು ದನ ಬಿಟ್ಟ ಮೇಲೆ ಉಳಿದ ಮುದಿ ಮರಗಳು ಅವು. ಸಸಿ ಹುಟ್ಟಿದರೆ ದನ ಮೇಯುತ್ತದೆ, ಇಲ್ಲವೇ ಬಿಸಿಲಿಗೆ ಸುಡುತ್ತದೆ. ಈ ಮರದ ಸಸಿ ಬೆಳೆಯಲು ಕಾಡಿನ ನೆರಳೇ ಬೇಕು. ಕಣಿವೆಯ ಒಳಗಿನ ದಾರಿಯಲ್ಲಿ ಮೋಡಕಾಡಿನವರೆಗೆ ನಡೆಯಿರಿ, ಅಲ್ಲಿ ತಾಳೆ ಇರಬೇಕಾದ ಹಾಗೆ ಮರಗಳ ನಡುವೆ ಇದೆ. ಇನ್ನೂ ದೊಡ್ಡ ತಾಳೆ ಕಾಡು ಬೆಟ್ಟದ ಆಚೆ ತೊಲಿಮಾ ಕಡೆಯ ಲಾ ಕಾರ್ಬೊನೆರಾ, ತೋಚೆ ಪ್ರದೇಶದಲ್ಲಿದೆ. ಗೈಡ್ ಮತ್ತು ಜೀಪ್ ಮಾಡಿಕೊಂಡು ಒಂದು ದಿನ ಅಲ್ಲಿಗೆ ಹೋಗಿಬನ್ನಿ. ಈ ತಾಳೆಯನ್ನೇ ನಂಬಿದ ಹಳದಿ ಕಿವಿಯ ಗಿಳಿ ಒಂದು ಕಾಲಕ್ಕೆ ಅಳಿದೇಹೋಯಿತು ಅನ್ನುವ ಸ್ಥಿತಿಯಲ್ಲಿತ್ತು. ಈಸ್ಟರ್ ಹಿಂದಿನ ಗರಿ ಭಾನುವಾರಕ್ಕೆ ಈ ಮರದ ಗರಿ ಕಡಿಯುವುದು ಬೇಡ ಎಂದು ಚರ್ಚು, ಪಕ್ಷಿಪ್ರಿಯರು ಸೇರಿ ಜನರಿಗೆ ತಿಳಿಹೇಳಿದ ಮೇಲೆ ಗಿಳಿ ಚೇತರಿಸಿಕೊಂಡಿತು.

ಮುಂದಿನ ಎರಡು ರಾತ್ರಿ ಮನಿಸಾಲೆಸ್. ಊರ ಪಕ್ಕದ ರಿಯೊ ಬ್ಲಾಂಕೊ ಕಾಡಿನಲ್ಲಿ ಹಮ್ಮಿಂಗ್‌ಬರ್ಡ್‌ಗಳು ಮುಖದ ಹತ್ತಿರವೇ ಹಾರಾಡುತ್ತವೆ. ನಮ್ಮಲ್ಲಿ ಈ ಕುಟುಂಬದ ಒಂದು ಹಕ್ಕಿಯೂ ಇಲ್ಲ. ಸೂರಕ್ಕಿಗಳು ಅದೇ ಕೆಲಸ ಮಾಡಿದರೂ ಬೇರೆ ವಂಶ. ಟೂಕನ್ ನೋಡಿದಾಗಲೂ ಮಂಗಟ್ಟೆ ನೆನಪಾಗುತ್ತದೆ, ಅವೆರಡಕ್ಕೂ ಹತ್ತಿರದ ನಂಟಿಲ್ಲ. ಆಕಾಶ ತಿಳಿಯಾಗಿದ್ದರೆ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ ಕಾಣುತ್ತದೆ. 1985ರ ನವೆಂಬರ್ 13ರಂದು ಅದು ಸಿಡಿದಾಗ ಕರಗಿದ ಹಿಮ, ಕೆಸರು ಹರಿದು ಅರ್ಮೆರೊ ಊರು ಮುಚ್ಚಿಹೋಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಪಾಯದ ನಕ್ಷೆ ಮೊದಲೇ ಸಿದ್ಧವಿದ್ದೂ ಹೀಗಾಯಿತು. ಇಂದಿಗೂ ಆ ಪರ್ವತದ ಉದ್ಯಾನಕ್ಕೆ ಪ್ರವೇಶ ಜ್ವಾಲಾಮುಖಿಯ ಎಚ್ಚರಿಕೆ ಮಟ್ಟದ ಮೇಲೆ ನಿಂತಿದೆ.

ಆ ಏಳರಲ್ಲಿ ಕೊನೆಯ ಎರಡು ರಾತ್ರಿ ಹಾರ್ದಿನ್ ಎಂಬ ಪುಟ್ಟ ಊರು. ಮನಿಸಾಲೆಸ್‌ನಿಂದ ರಿಯೊಸೂಸಿಯೊ ಮೇಲೆ ಹೋಗುವ ದಾರಿ ಒರಟು, ಒಂದು ದಿನ ಅದಕ್ಕೇ ಇಡಿ. ಊರಂಚಿನಲ್ಲೇ ಕಾಕ್ ಆಫ್ ದ ರಾಕ್ ಎಂಬ ಕೆಂಪು ಹಕ್ಕಿಗಳ ಗಂಡುಗಳು ದಿನಾ ಒಂದೇ ಜಾಗದಲ್ಲಿ ಸೇರಿ ಹೆಣ್ಣಿನ ಮುಂದೆ ಕುಣಿಯುತ್ತವೆ. ಅಲ್ಲಿಂದ ಮೆಡೆಯಿನ್ ಮೂರು ನಾಲ್ಕು ಗಂಟೆ ದಾರಿ. ಅಲ್ಲಿ ಒಂದು ರಾತ್ರಿ ಸಾಕು. ಗುಡ್ಡದ ಬಡ ಬಡಾವಣೆಗಳಿಗೆ 2004ರಿಂದ ಓಡುತ್ತಿರುವ ಕೇಬಲ್ ಕಾರಿನಲ್ಲಿ ಹಗಲಲ್ಲಿ ಒಮ್ಮೆ ಹೋಗಿಬನ್ನಿ. ಆಗಸ್ಟ್ ಮೊದಲ ದಿನಗಳಲ್ಲಾದರೆ ಹೂವಿನ ಹಬ್ಬ ಸಿಗಬಹುದು. ರೈತರು ಭಾರಿ ಹೂವಿನ ಚೌಕಟ್ಟನ್ನು ಬೆನ್ನಿಗೆ ಕಟ್ಟಿಕೊಂಡು ಮೆರವಣಿಗೆ ಬರುತ್ತಾರೆ. ಆದರೆ ಆ ವಾರ ಕೋಣೆ ಬಾಡಿಗೆ ಏರಿರುತ್ತದೆ.

ಉಳಿದ ಐದು ರಾತ್ರಿ ಕೆರಿಬಿಯನ್ ಕಡೆ. ಸಾಂತಾ ಮಾರ್ತಾಕ್ಕೆ ವಿಮಾನದಲ್ಲಿ ಹೋಗಿ, ನಗರದಲ್ಲಿ ನಿಲ್ಲದೆ ಮಿಂಕಾ ಎಂಬ ಬೆಟ್ಟದ ಊರಿಗೆ ಹತ್ತಿ. ಅದಿರುವ ಸಿಯೆರಾ ನೆವಾಡಾ ಪರ್ವತ ಆಂಡಿಸ್‌ಗೆ ಅಂಟಿಕೊಂಡಿಲ್ಲ. ಸಮುದ್ರದ ದಡದಿಂದಲೇ ಎದ್ದು ಐದೂವರೆ ಸಾವಿರ ಮೀಟರ್ ದಾಟುತ್ತದೆ. ಒಂಟಿ ಪರ್ವತವಾದ್ದರಿಂದ ಬೇರೆಲ್ಲೂ ಇಲ್ಲದ ಹಕ್ಕಿಗಳು ಇಲ್ಲಿವೆ. ಮಿಂಕಾ ಆರುನೂರು ಮೀಟರ್ ಎತ್ತರದಲ್ಲಿದೆ. ಬೆಳಗಿನ ಜಾವ ಜೀಪಿನಲ್ಲಿ ಎರಡು ಸಾವಿರ ಮೀಟರ್ ಮೇಲೆ ಹೋದರೆ ಒಂದೇ ಬೆಳಿಗ್ಗೆಯಲ್ಲಿ ಮೂರು ಬಗೆಯ ಕಾಡು ದಾಟುತ್ತೀರಿ. ಈ ಪರ್ವತ ಕೋಗಿ, ಅರುವಾಕೊ, ವೀವಾ, ಕಾಂಕುವಾಮೊ ಜನರಿಗೆ ಪವಿತ್ರ. ಕೆಳಗಿನ ತಾಯ್ರೋನಾ ಉದ್ಯಾನವನ್ನು ಅವರ ಕೋರಿಕೆಯಂತೆ ವರ್ಷದಲ್ಲಿ ಕೆಲವು ವಾರ ಪೂರ್ತಿ ಮುಚ್ಚುತ್ತಾರೆ, ನೆಲಕ್ಕೆ ವಿಶ್ರಾಂತಿ ಸಿಗಲಿ ಎಂದು. ಹೊರಡುವ ಮೊದಲು ಆ ವರ್ಷದ ದಿನಾಂಕ ನೋಡಿ. ಬಿಳಿ ಬಟ್ಟೆ ತೊಟ್ಟ ಈ ಜನರ ಫೋಟೊವನ್ನು ಕೇಳದೆ ತೆಗೆಯಬೇಡಿ. ಬೇಡ ಅಂದರೆ ಕ್ಯಾಮೆರಾ ಕೆಳಗಿಡಿ. ‘ಕಳೆದುಹೋದ ನಗರ’ ಎಂಬ ಪುರಾತನ ಪಾಳು ಊರಿಗೆ, ಅಂದರೆ ಸಿಯುದಾದ್ ಪೆರ್ದಿದಾಕ್ಕೆ, ನಾಲ್ಕು ದಿನದ ಚಾರಣ ಇದೆ. ಸೆಕೆ, ಕೆಸರು, ಹೊಳೆ ದಾಟುವುದು, ಕೊನೆಗೆ ಸಾವಿರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು. ನಿಮ್ಮ ಈ ದಿನಗಳ ಲೆಕ್ಕದಲ್ಲಿ ನಾನು ಅದನ್ನು ಸೇರಿಸೋಲ್ಲ.

ಕೊನೆಯ ಎರಡು ರಾತ್ರಿ ಕಾರ್ತಹೇನಾ. ಕೋಟೆ, ಬಣ್ಣದ ಬಾಲ್ಕನಿಗಳು ಚೆಂದವೇ. ಆದರೆ ಗುಲಾಮರಾಗಿ ತಂದ ಆಫ್ರಿಕನ್ನರನ್ನು ಮಾರುತ್ತಿದ್ದ ದೊಡ್ಡ ಬಂದರು ಇದು. ಅವರಲ್ಲಿ ತಪ್ಪಿಸಿಕೊಂಡವರು ಕಟ್ಟಿದ ಊರು ಸಾನ್ ಬಸಿಲಿಯೊ ದೆ ಪಾಲೆಂಕೆ, ಸುಮಾರು ಐವತ್ತು ಕಿಲೋಮೀಟರ್ ದೂರ. ಸ್ಪ್ಯಾನಿಶ್ ಮತ್ತು ಆಫ್ರಿಕದ ಬಾಂಟು ಭಾಷೆಗಳು ಬೆರೆತ ಅವರದ್ದೇ ಮಾತು ಇನ್ನೂ ಬದುಕಿದೆ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಕಥೆ ಕೇಳಿದವರಿಗೆ ಈ ಊರು ತುಂಬಾ ಹತ್ತಿರ ಅನಿಸುತ್ತದೆ. ಆ ಊರಿನವರನ್ನೇ ಗೈಡ್ ಮಾಡಿಕೊಳ್ಳಿ, ಹಣ ಅಲ್ಲೇ ಉಳಿಯುತ್ತದೆ.

ಅಮೆಜಾನ್ ಬಿಟ್ಟದ್ದು ಬೇಕೆಂದೇ. ಅಲ್ಲಿನ ಊರು ಲೆಟಿಸಿಯಾಕ್ಕೆ ರಸ್ತೆ ಇಲ್ಲ, ವಿಮಾನ ಅಥವಾ ದೋಣಿ ಮಾತ್ರ. ಹೋದರೆ ಐದು ದಿನ ಬೇಕು. ಗುಲಾಬಿ ಡಾಲ್ಫಿನ್ ನೋಡಲೇಬೇಕು ಅನ್ನುವುದಾದರೆ ಕೆರಿಬಿಯನ್ ಪೂರ್ತಿ ಬಿಟ್ಟು ಆ ದಿನಗಳನ್ನು ಅಲ್ಲಿಗೆ ಕೊಡಿ. ಎರಡೂ ಬೇಡ. ಬಣ್ಣದ ನದಿ ಕ್ಯಾನೊ ಕ್ರಿಸ್ಟಾಲೆಸ್ ಕೂಡ ಜೂನ್‌ನಿಂದ ನವೆಂಬರ್‌ವರೆಗೆ ಚೆನ್ನಾಗಿರುತ್ತದೆ, ಆದರೆ ಬೇರೆ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಸುರಕ್ಷತೆ. ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ನಡುವಿನ 2016ರ ಶಾಂತಿ ಒಪ್ಪಂದದ ನಂತರ ಬಹಳಷ್ಟು ಪ್ರದೇಶ ತೆರೆದುಕೊಂಡಿದೆ, ಆದರೆ ಸಶಸ್ತ್ರ ಗುಂಪುಗಳು ಪೂರ್ತಿ ಹೋಗಿಲ್ಲ. ವೆನೆಜುವೆಲಾ ಗಡಿ, ಕಾವ್ಕಾ ಮತ್ತು ನರಿನ್ಯೊ ಪ್ರಾಂತಗಳ ಹಳ್ಳಿಗಾಡು ಬೇಡವೇ ಬೇಡ. ಮೇಲೆ ಹೇಳಿದ ದಾರಿ ಅವುಗಳಿಂದ ದೂರ ಇದೆ. ಆದರೂ ಹೊರಡುವ ವಾರ ಬೊಗೊಟಾದ ಭಾರತೀಯ ರಾಯಭಾರ ಕಚೇರಿಯ ಸೂಚನೆ ನೋಡಿ. ನಗರಗಳಲ್ಲಿ ನಿಜವಾದ ತೊಂದರೆ ಫೋನ್ ಕಿತ್ತುಕೊಳ್ಳುವುದು. ರಸ್ತೆಯಲ್ಲಿ ಫೋನ್ ಹೊರಗೆ ತೆಗೆಯಬೇಡಿ, ಅಂಗಡಿ ಒಳಗೆ ಹೋಗಿ ನೋಡಿ. ಟ್ಯಾಕ್ಸಿ ಹೋಟೆಲ್‌ನವರಿಂದ ಅಥವಾ ಆ್ಯಪ್‌ನಲ್ಲಿ ಕರೆಸಿ. ಅಪರಿಚಿತರು ಕೊಟ್ಟ ಪಾನೀಯ ಮುಟ್ಟಬೇಡಿ, ಅಮಲು ಬರಿಸುವ ಔಷಧಿ ಬೆರೆಸಿ ದೋಚುವುದು ಅಲ್ಲಿ ಇದೆ. ಊರಿಂದೂರಿಗೆ ಹಗಲಲ್ಲೇ ಪ್ರಯಾಣ ಮಾಡಿ.

ವೀಸಾ ವಿಷಯದಲ್ಲಿ ನಿಮಗೆ ಅನುಕೂಲ ಇದೆ. ಪ್ರವೇಶದ ದಿನಕ್ಕೆ ಇನ್ನೂ 180 ದಿನ ಚಾಲ್ತಿ ಇರುವ ಅಮೆರಿಕ ಅಥವಾ ಯುರೋಪಿನ ಷೆಂಗೆನ್ ವೀಸಾ ಇದ್ದರೆ ಭಾರತೀಯರಿಗೆ ಕೊಲಂಬಿಯಾದ ಪ್ರವಾಸಿ ವೀಸಾ ಬೇಕಿಲ್ಲ. ನಿಯಮ ಬದಲಾಗುವುದುಂಟು, ಟಿಕೆಟ್ ಮಾಡುವ ಮೊದಲು ಅವರ ವಿದೇಶಾಂಗ ಇಲಾಖೆಯ ವೆಬ್‌ಸೈಟ್ ನೋಡಿ. ವಿಮಾನ ಹತ್ತುವ ಮುಂಚಿನ 72 ಗಂಟೆಯೊಳಗೆ ಚೆಕ್-ಮಿಗ್ ಎಂಬ ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು.

ಹಳದಿ ಜ್ವರದ ಲಸಿಕೆ ತಪ್ಪಿಸಬೇಡಿ. 2025ರಲ್ಲಿ ತೊಲಿಮಾ ಪ್ರಾಂತದಲ್ಲಿ ಈ ಜ್ವರ ಹಬ್ಬಿ ಕೊಲಂಬಿಯಾ ಆರೋಗ್ಯ ತುರ್ತುಸ್ಥಿತಿ ಘೋಷಿಸಿತ್ತು. ಪ್ರವಾಸಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿ. ಅರವತ್ತರ ಹತ್ತಿರ ಇದ್ದೀರಿ, ಹಾಗಾಗಿ ಡಾಕ್ಟರ ಸಲಹೆ ಮೊದಲು. ಲಸಿಕೆ ಹಾಕಿಸಿದ್ದಕ್ಕೆ ಪ್ರಮಾಣಪತ್ರವಾಗಿ ಕೊಡುವ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆಗೇ ಇರಲಿ. ಕೊಲಂಬಿಯಾ ಬಿಟ್ಟ ಆರು ದಿನದೊಳಗೆ ಅದಿಲ್ಲದೆ ಭಾರತಕ್ಕೆ ಇಳಿದರೆ ಪ್ರತ್ಯೇಕವಾಗಿ ಇರಿಸುತ್ತಾರೆ. ನೀವು ಮಗಳ ಮನೆಯಲ್ಲಿ ಹೆಚ್ಚು ದಿನ ಇದ್ದು ಬಂದರೂ ಪುಸ್ತಕ ಕೈಯಲ್ಲಿದ್ದರೆ ತಕರಾರಿಲ್ಲ.

ಊಟ: ಬೀನ್ಸ್ ಸಾರಿನಲ್ಲೂ ಹಂದಿ ಮಾಂಸ ಇರುತ್ತದೆ, ತರಕಾರಿ ಸೂಪನ್ನೂ ಮೂಳೆ ನೀರಿನಲ್ಲಿ ಕುದಿಸಿರುತ್ತಾರೆ. ಸಸ್ಯಾಹಾರಿ ಅಂದರೆ ಸಾಲದು. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಕಾಲ್ದೊ’ ಎಂದು ಬರೆದು ತೋರಿಸಿ: ಮಾಂಸ, ಕೋಳಿ, ಮೀನು, ಮೂಳೆಸಾರು ಬೇಡ. ಅನ್ನ, ಜೋಳದ ಅರೆಪಾ ರೊಟ್ಟಿ, ಜಜ್ಜಿ ಕರಿದ ಬಾಳೆಕಾಯಿ, ಬೆಣ್ಣೆಹಣ್ಣು ಎಲ್ಲೆಡೆ ಸಿಗುತ್ತವೆ. ಖಾರ ಇರೋಲ್ಲ, ಚಟ್ನಿಪುಡಿ ಒಯ್ಯಿರಿ. ಬೆಟ್ಟದ ಊರುಗಳಲ್ಲಿ ಅಗ್ವಾಪನೇಲಾ ಕುಡಿಯಿರಿ, ಅದು ಬಿಸಿ ಬೆಲ್ಲದ ನೀರು. ಬೆಲ್ಲ ಮಾಡುವುದರಲ್ಲಿ ಭಾರತದ ನಂತರ ಕೊಲಂಬಿಯಾವೇ. ದಾರಿಯಲ್ಲಿ ಆಲೆಮನೆ ಕಂಡರೆ ಇಳಿದು ನೋಡಿ.

ಬರುವಾಗ ಎರಡು ವಸ್ತು ಬೇಡ. ಒಂದು ಕೋಕಾ ಎಲೆ (ಕೊಕೇನ್ ಮಾಡುವುದು ಇದರಿಂದಲೇ) ಅಥವಾ ಕೋಕಾ ಚಹಾ. ಅಲ್ಲಿ ಪ್ರವಾಸಿಗರಿಗೆ ಮಾರುತ್ತಾರೆ, ಅಮೆರಿಕದಲ್ಲೂ ಭಾರತದಲ್ಲೂ ಕಾನೂನಿಗೆ ವಿರುದ್ಧ. ಇನ್ನೊಂದು ಕಾಫಿ ಬೀಜ, ಸಸಿ, ಆರ್ಕಿಡ್, ಮಣ್ಣು. ಒಳ್ಳೆ ತಳಿ ಕಂಡಾಗ ನಾಲ್ಕು ಬೀಜ ಜೇಬಿಗೆ ಹಾಕಿಕೊಳ್ಳುವ ಆಸೆ ಬೆಳೆಗಾರರಿಗೆ ಬಂದೇ ಬರುತ್ತದೆ. ದಯವಿಟ್ಟು ಬೇಡ. ಅಲ್ಲಿ ಕೋಳಿಕಣ್ಣು ಎಂಬ ಎಲೆಚುಕ್ಕಿ ರೋಗ ಇದೆ, ನಮ್ಮ ತೋಟಗಳಿಗೆ ಅದು ಬೇಡ. 2019ರಲ್ಲಿ ಅಲ್ಲಿನ ಬಾಳೆಗೆ ಟಿಆರ್-4 ಸೊರಗು ರೋಗ ಬಂದಿದ್ದು, ಅದು ಹರಡುವುದು ಮಣ್ಣಿನಿಂದ. ಅದೇ ರೀತಿ ನಮ್ಮ ತೋಟದ ರೋಗಗಳನ್ನೂ ಅವರಿಗೆ ಒಯ್ಯಬಾರದು. ಹೋಗುವಾಗ ಹೊಸ ಬೂಟು ಹಾಕಿ. ಚಿಂಗಾಸಾದ ನಡಿಗೆಗೂ ಕಾಫಿ ನಾಡಿಗೂ ಅದೇ ಸಾಕು. ವಾಪಸ್ ಹೊರಡುವ ಹಿಂದಿನ ದಿನ ಕಾರ್ತಹೇನಾದಲ್ಲೇ ಸೋಪು, ಬ್ರಷ್ ಹಿಡಿದು ಅಡಿಯ ಮಣ್ಣು ತೆಗೆದು ಒಣಗಿಸಿ. ಸೋಂಕುನಾಶಕದಲ್ಲೂ ಒರೆಸಿ. ಮಗಳಿಗೆ, ನೆಂಟರಿಗೆ ಕೊಡಲು ಹುರಿದು ಪ್ಯಾಕ್ ಮಾಡಿದ ಕಾಫಿ ಧಾರಾಳವಾಗಿ ತನ್ನಿ. ಬೆಳೆದವರ ಹೆಸರಿರುವ ಪೊಟ್ಟಣವನ್ನು ಸಲೆಂಟೊದ ತೋಟದಲ್ಲೇ ಕೊಳ್ಳಿ, ವಿಮಾನ ನಿಲ್ದಾಣದ ಅಂಗಡಿಗೆ ಕಾಯಬೇಡಿ.